ಸುಸ್ತಿಯ ಬೇರು ಎಲ್ಲಿದೆ?

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದಾಗ ಷೇರು, ಠೇವಣಿ, ಗೋದಾಮು ಎಷ್ಟು ಬೆಳೆದವು ಎಂದು ಹೇಳಿಕೊಳ್ಳುವುದು ವಾಡಿಕೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಯಾವ ಊರಿನ ಮಹಾಸಭೆಗೆ ಹೋದರೂ ಕೇಳಿಬರುವ ಇನ್ನೊಂದು ಪಟ್ಟಿಯೂ ಉಂಟು: ಸುಸ್ತಿ ಏರಿತು, ಗೊಬ್ಬರ ಹೊತ್ತಿಗೆ ಬರಲಿಲ್ಲ, ಸಾಲ ಮಂಜೂರಾಗೋದು ತಡ, ಸಭೆಗೆ ಕೋರಂ ಇಲ್ಲ. ಇಂಥ ಹೊತ್ತಿನಲ್ಲಿ ಜನ ಹುಡುಕುವುದು ಕಾರಣವನ್ನಲ್ಲ, ಬೈಯಲಿಕ್ಕೆ ಒಬ್ಬ ಮನುಷ್ಯನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಹಿರಿಯರು ಅಂದದ್ದು ಇದಕ್ಕೇ. ಕಾರ್ಯದರ್ಶಿ ಬದಲಾಗುತ್ತಾನೆ, ಸುಸ್ತಿ ಹಾಗೇ ಉಳಿಯುತ್ತದೆ.

ಜಪಾನಿನ ಟೊಯೋಟಾ ಕಂಪನಿಯ ತಾಯಿಚಿ ಓನೋ ಎಂಬ ಎಂಜಿನಿಯರು 1978ರಲ್ಲಿ ಹೊರಬಂದ ತಮ್ಮ ಪುಸ್ತಕದಲ್ಲಿ ಒಂದು ಸರಳ ಉಪಾಯ ಹೇಳಿದ್ದಾರೆ. ಏನೇ ತೊಂದರೆ ಬರಲಿ, ಐದು ಸಲ 'ಯಾಕೆ?' ಎಂದು ಕೇಳಬೇಕು. ಯಂತ್ರ ನಿಂತಿತು. ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತಲಿಲ್ಲ. ಯಾಕೆ? ಅದರ ದಂಡ ಸವೆದಿತ್ತು. ಯಾಕೆ? ಸೋಸುವ ಜಾಲರಿಯಿಲ್ಲದೆ ಲೋಹದ ಚೂರು ಒಳಗೆ ಸೇರಿತ್ತು. ಮೊದಲ ಉತ್ತರಕ್ಕೇ ತೃಪ್ತರಾಗಿ ಫ್ಯೂಸ್ ಹಾಕಿದ್ದರೆ ಅದು ಮತ್ತೆ ಹೋಗುತ್ತಿತ್ತು.

ನಮ್ಮ ಸಹಕಾರ ಚಳವಳಿಯ ಇತಿಹಾಸವನ್ನು ಹೀಗೇ ಒಂದರ ಹಿಂದೊಂದು 'ಯಾಕೆ?' ಎಂದು ಓದಿ ನೋಡೋಣ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಗ್ರಾಮದಲ್ಲಿ ರೈತರು ಸಾಹುಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆ ಯುದ್ಧ ಮುಗಿದ ಮೇಲೆ ಕುಸಿದಿತ್ತು. ಕಂದಾಯ ಮಾತ್ರ ಏರಿತ್ತು. ಸರ್ಕಾರ 1879ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯಿದೆ ತಂದಿತು. ಕಾಯಿದೆ ಸಾಹುಕಾರನ ಕೈ ಹಿಡಿಯಿತು ನಿಜ. ಆದರೆ ಬಿತ್ತನೆ ಹೊತ್ತಿಗೆ ಹಣ ಕೊಡುವ ಇನ್ನೊಂದು ಕೈಯನ್ನು ಅದು ಹುಟ್ಟಿಸಲಿಲ್ಲ. ಇದು ಫ್ಯೂಸ್ ಬದಲಿಸಿದಂತಾಯಿತು.

ರೈತ ಸಾಹುಕಾರನ ಬಾಗಿಲಿಗೇ ಹೋಗುವುದು ಯಾಕೆ? ಬೇರೆ ಬಾಗಿಲಿಲ್ಲ. ಮದ್ರಾಸ್ ಸರ್ಕಾರದ ಪರವಾಗಿ ಯೂರೋಪಿನ ಸಂಘಗಳನ್ನು ಅಭ್ಯಾಸ ಮಾಡಿದ ಫ್ರೆಡರಿಕ್ ನಿಕಲ್ಸನ್ ತಮ್ಮ ವರದಿಯನ್ನು 1895 ಮತ್ತು 1897ರಲ್ಲಿ ಎರಡು ಸಂಪುಟಗಳಾಗಿ ಕೊಟ್ಟರು. ಜರ್ಮನಿಯ ರೈಫೈಸನ್ ಮಾದರಿಯ ಹಳ್ಳಿ ಸಂಘಗಳೇ ದಾರಿ ಎಂಬುದು ಅವರ ಸಲಹೆ. ಚಿಕ್ಕ ಊರು, ಒಬ್ಬರ ನಡತೆ ಇನ್ನೊಬ್ಬರಿಗೆ ಗೊತ್ತು, ಎಲ್ಲರ ಸಾಲಕ್ಕೆ ಎಲ್ಲರೂ ಹೊಣೆ. ಇದು ಆ ಮಾದರಿಯ ಜೀವಾಳ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, ಅಂದರೆ 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಕನ್ನಡನಾಡಿನ ಸಹಕಾರಿಗಳೆಲ್ಲ ಇಂದಿಗೂ ಹೆಮ್ಮೆಯಿಂದ ನೆನೆಯುವ ಹೆಸರದು.

ಸಂಘಗಳೇನೋ ಹುಟ್ಟಿದವು, ಆದರೆ ಸೊರಗಿದವು. ಯಾಕೆ? 1914ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಮ್ಯಾಕ್ಲಗನ್ ಸಮಿತಿ ಕಂಡದ್ದು ಇದು: ಸಾಲ ಕೊಡುವಲ್ಲಿ ತಡ, ತಮ್ಮವರಿಗೇ ಕೊಡುವ ಸ್ವಜನಪಕ್ಷಪಾತ, ಹಣದ ದುರುಪಯೋಗ. ಇವೆಲ್ಲಕ್ಕೂ ಹಿಂದೆ, ಸಂಘ ಅಂದರೆ ಅಗ್ಗದ ಸಾಲ ಸಿಗುವ ಜಾಗ ಎಂಬ ಸದಸ್ಯರ ಭಾವನೆ. ಸಮಿತಿ ಹೇಳಿದ ಮದ್ದು ಸಹಕಾರ ಶಿಕ್ಷಣ, ಬಿಗಿಯಾದ ಲೆಕ್ಕಪರಿಶೋಧನೆ, ಮೇಲ್ವಿಚಾರಣೆ.

ಸ್ವಾತಂತ್ರ್ಯ ಬಂದ ಮೇಲೆ ಎ. ಡಿ. ಗೋರವಾಲಾ ಅವರ ನೇತೃತ್ವದಲ್ಲಿ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆ ನಡೆದು 1954ರಲ್ಲಿ ವರದಿ ಬಂತು. ಐವತ್ತು ವರ್ಷದ ಚಳವಳಿಯ ನಂತರವೂ 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ. 3.1, ಲೇವಾದೇವಿಗಾರರ ಪಾಲು ಶೇ. 70ರ ಹತ್ತಿರ. ಯಾಕೆ? ಬಡವರ ಸಂಘ ಬಲವಿಲ್ಲದ್ದು, ಸಾಹುಕಾರನೋ ಬಲಾಢ್ಯ. ಸಾಲ ಒಂದು ಕಡೆ, ಬೆಳೆ ಮಾರುವುದು ಇನ್ನೊಂದು ಕಡೆ. ಆದ್ದರಿಂದ ಸರ್ಕಾರವೇ ಷೇರು ಹಾಕಿ ಪಾಲುದಾರನಾಗಲಿ, ಸಾಲ, ಮಾರಾಟ, ದಾಸ್ತಾನು ಒಂದಕ್ಕೊಂದು ಜೋಡಣೆಯಾಗಲಿ ಎಂದರು. ಸಂಘಗಳು ಬೆಳೆದವು, ಗೋದಾಮುಗಳು ಎದ್ದವು. ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಆ ಮದ್ದೇ ಮುಂದೆ ಹೊಸ ರೋಗಕ್ಕೆ ಬೀಜವಾಯಿತು. ಸರ್ಕಾರದ ಹಣ ಬಂದಂತೆ ಸರ್ಕಾರದ ಹಿಡಿತವೂ ಬಂತು. 1990ರಲ್ಲಿ ಹತ್ತು ಸಾವಿರ ರೂಪಾಯಿವರೆಗಿನ ಸಾಲಕ್ಕೆ ಪರಿಹಾರ ಬಂದಾಗ ಕಷ್ಟದಲ್ಲಿದ್ದವನಿಗೆ ಉಸಿರು ಬಂತು. ಜೊತೆಗೇ 'ಕಾದರೆ ಮನ್ನಾ ಆಗ್ತದೆ' ಎಂಬ ಮಾತೂ ಹಬ್ಬಿತು. 2004ರಲ್ಲಿ ನೇಮಕವಾದ ಎ. ವೈದ್ಯನಾಥನ್ ಕಾರ್ಯಪಡೆ 2005ರ ವರದಿಯಲ್ಲಿ ಇದೇ ಬೇರನ್ನು ತೋರಿಸಿತು: ಸರ್ಕಾರದ ಕೈವಾಡದಿಂದ ಸಂಘಗಳ ಸ್ವಂತ ಆಡಳಿತವೇ ಕುಂದಿದೆ. ಸಾಲ ಪಡೆಯುವವರದೇ ಮೇಲುಗೈ. ಹಣ ಇಡುವವರಿಗೆ ಮಾತಿಲ್ಲ. ಆದ್ದರಿಂದ ಠೇವಣಿದಾರರಿಗೂ ಪೂರ್ಣ ಮತದ ಹಕ್ಕು ಕೊಡಿ ಎಂದಿತು.

ಈ ಕಥೆಯಿಂದ ನಾವು ತಿಳಿಯಬೇಕಾದದ್ದು ಎರಡು. ಒಂದು, ಪ್ರತಿ ಮದ್ದನ್ನೂ ಕಾಲಕಾಲಕ್ಕೆ ಮತ್ತೆ ಪರೀಕ್ಷೆ ಮಾಡಬೇಕು. ನಿನ್ನೆಯ ಪರಿಹಾರ ಇಂದಿನ ತೊಂದರೆಯಾಗಬಹುದು. ಎರಡು, 1915ರ ವರದಿಯೂ 2005ರ ವರದಿಯೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಸಂಘ ತನ್ನದು ಅಂತ ಸದಸ್ಯನಿಗೆ ಅನ್ನಿಸಬೇಕು. ಮೇಲಿನಿಂದ ಬಂದ ಹಣ ಹೋದರೆ ಯಾರಿಗೂ ನೋವಿಲ್ಲ. ಪಕ್ಕದ ಮನೆಯ ಅಜ್ಜಿ ಮೊಮ್ಮಗಳ ಮದುವೆಗೆ ಅಂತ ಇಟ್ಟ ಠೇವಣಿ ಮುಳುಗುತ್ತದೆ ಎಂದಾದರೆ ಊರೇ ಎದ್ದು ಕೇಳುತ್ತದೆ.

ಆದ್ದರಿಂದ ಆಡಿಟ್ ವರದಿ ಓದುವಾಗ ಸುಸ್ತಿಯ ಮೊತ್ತಕ್ಕೆ ನಿಲ್ಲಬಾರದು. ಸುಸ್ತಿ ಯಾಕೆ? ಕಂತಿನ ದಿನ ರೈತನ ಕೈಯಲ್ಲಿ ಹಣವಿರಲಿಲ್ಲ. ಯಾಕೆ? ಫಸಲು ಮಾರಾಟವಾಗುವ ಮೊದಲೇ ಕಂತು ಬಂತು. ಯಾಕೆ? ಬೆಳೆಯ ಕಾಲ ನೋಡದೆ ಗಡುವು ಇಟ್ಟರು. ಯಾಕೆ? ಗಡುವು ಇಡುವ ಸಭೆಯಲ್ಲಿ ಬೆಳೆಗಾರ ಬಾಯಿಬಿಡಲಿಲ್ಲ. ಯಾಕೆ? ಬಾಯಿಬಿಟ್ಟರೆ ಕೇಳುವವರಿದ್ದಾರೆ ಎಂಬ ನಂಬಿಕೆ ಅವನಿಗಿರಲಿಲ್ಲ. ಒಂದು ಸಂಘದಲ್ಲಿ ಉತ್ತರ ಹೀಗಿರಬಹುದು, ಇನ್ನೊಂದರಲ್ಲಿ ಬೇರೆ ಇರಬಹುದು. ಕೊಡುವ ಶಕ್ತಿ ಇದ್ದೂ ಕೊಡದವನ ಮಾತೇ ಬೇರೆ, ಅವನಿಗೆ ಕಾನೂನಿದೆ. ಇಬ್ಬರಿಗೂ ಒಂದೇ ನೋಟಿಸು ಕಳಿಸಿದರೆ ಒಬ್ಬ ನಗುತ್ತಾನೆ, ಇನ್ನೊಬ್ಬ ಸಂಘದ ಕಡೆ ತಲೆ ಹಾಕುವುದನ್ನೇ ಬಿಡುತ್ತಾನೆ.

ಬೆಳ್ಳಿಹಬ್ಬದ ಹೂಮಾಲೆ ನಾಳೆ ಬಾಡುತ್ತದೆ. ಮುಂದಿನ ಮಹಾಸಭೆಯಲ್ಲಿ ಒಬ್ಬ ಸಣ್ಣ ಹಿಡುವಳಿದಾರ ಎದ್ದು ನಿಂತು 'ಯಾಕ್ರೀ?' ಅಂತ ಕೇಳಿದರೆ, ಆಡಳಿತ ಮಂಡಳಿ ಕಿರ್ದಿ ತೆಗೆದು ಸಮಾಧಾನವಾಗಿ ಉತ್ತರ ಕೊಟ್ಟರೆ, ಸಂಘಕ್ಕೆ ಸುವರ್ಣ ಮಹೋತ್ಸವದ ದಾರಿ ತೆರೆದಂತೆಯೇ ಸರಿ.