ಚಿಪ್ಪಿನ ಕೆಂಡದಲ್ಲಿ ಸುಟ್ಟ ಎಳೆಗೋಳಿ ಮತ್ತು ಕೋಸಂಬರಿ: ಸಿದ್ಧತೆ ಹಾಗೂ ಆಹಾರ ಸುರಕ್ಷತೆ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ಅಮ್ಮಸಂದ್ರವು ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿರುವ, ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಊರು. ಅದರ ಸುತ್ತಲಿನ ತುರುವೇಕೆರೆ, ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ರಾಜ್ಯದ ಪ್ರಮುಖ ತೆಂಗಿನ ಸೀಮೆಯಾಗಿದ್ದು, ತಿಪಟೂರಿನ ಮಾರುಕಟ್ಟೆಯು ಉಂಡೆ ಕೊಬ್ಬರಿಗೆ ದೇಶದಾದ್ಯಂತ ಹೆಸರುವಾಸಿಯಾಗಿದೆ. ಈ ಭಾಗದ ತೋಟದ ಮನೆಗಳಲ್ಲಿ ಹಿತ್ತಲ ಕೋಳಿ ಸಾಕಣೆ ಹಿಂದಿನಿಂದಲೂ ನಡೆದುಬಂದಿದೆ. ಕೋಳಿ, ಉರುವಲು ಮತ್ತು ತೆಂಗಿನಕಾಯಿ ಒಂದೇ ತೋಟದಲ್ಲಿ ದೊರೆಯುವ ಕಾರಣ, ಎಳೆಯ ಕೋಳಿಯನ್ನು ಚಿಪ್ಪಿನ ಕೆಂಡದ ಮೇಲೆ ಸುಟ್ಟು ಸೌತೆಕಾಯಿ, ಈರುಳ್ಳಿ ಅಥವಾ ಕೋಸಂಬರಿಯೊಡನೆ ಬಡಿಸುವುದು ಇಲ್ಲಿ ಸುಲಭಸಾಧ್ಯವಾಗಿರುತ್ತದೆ.

ಈ ಊಟದಲ್ಲಿ ಜನರು ಸಾಮಾನ್ಯವಾಗಿ ಅಂಜುವುದು ಮಾಂಸ ಸರಿಯಾಗಿ ಬೆಂದಿದೆಯೇ ಎಂಬುದಕ್ಕೆ. ಅದು ಸರಿಯಾದ ಕಾಳಜಿಯೇ. ಆದರೆ ಕೋಳಿಯ ಮೇಲಿದ್ದ ರೋಗಾಣುಗಳು ಬೆಂಕಿಯಲ್ಲಿ ನಾಶವಾಗುತ್ತವೆ. ಅದೇ ಚಾಕು, ಅದೇ ಮಣೆ, ಅದೇ ಕೈಗಳಿಂದ ಕೋಸಂಬರಿಗೆ ದಾಟಿದ ರೋಗಾಣುಗಳಿಗೆ ಬೆಂಕಿಯ ಸೋಂಕೇ ಇರುವುದಿಲ್ಲ. ಬೇಯಿಸದೆ ತಿನ್ನುವ ಪದಾರ್ಥವು ಹಸಿ ಮಾಂಸದ ಪಕ್ಕದಲ್ಲಿಯೇ ಸಿದ್ಧವಾಗುವುದು ಈ ಊಟದ ಮುಖ್ಯ ಅಪಾಯವೆಂದು ತಿಳಿಯತಕ್ಕದ್ದು.

ಸುಡಲು ತಕ್ಕ ಹಕ್ಕಿ

ಬಲಿತ ನಾಟಿ ಕೋಳಿಯು ಸುಡುವುದಕ್ಕೆ ಯೋಗ್ಯವಲ್ಲ. ಅದರ ಮಾಂಸಖಂಡವನ್ನು ಹಿಡಿದಿಡುವ ಅಂಟುನಾರು ಮೆತ್ತಗಾಗಲು ನೀರಿನಲ್ಲಿ ದೀರ್ಘಕಾಲ ಬೇಯಬೇಕಾಗುತ್ತದೆ. ಬಲಿತ ಹುಂಜವನ್ನು ಸಾರು ಮಾಡಿ ರಾಗಿ ಮುದ್ದೆಯೊಡನೆ ಉಣ್ಣುವ ರೂಢಿಗೆ ಇದೇ ಕಾರಣ. ಒಣ ಕೆಂಡಕ್ಕೆ ಇನ್ನೂ ಮೊಟ್ಟೆಗೆ ಬಾರದ ಹ್ಯಾಟೆ ಅಥವಾ ಎಳೆಯ ಹುಂಜ, ಶುಚಿ ಮಾಡಿದ ನಂತರ 700ರಿಂದ 900 ಗ್ರಾಂ ತೂಗುವಂಥದ್ದು ಸೂಕ್ತ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಲಾದ ಗಿರಿರಾಜ ಹಾಗೂ 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ತಳಿಗಳು ನಾಟಿ ಕೋಳಿಗಿಂತ ಬೇಗ ಬೆಳೆಯುವುದರಿಂದ, ಅವುಗಳನ್ನು ಎಳೆಯದಾಗಿರುವಾಗಲೇ ಈ ತೂಕಕ್ಕೆ ಆರಿಸಿಕೊಳ್ಳಬಹುದಾಗಿದೆ.

ಇನ್ನೂ ಸಣ್ಣ ಹಕ್ಕಿ ಬೇಕೆನ್ನುವವರಿಗೆ ಸಾಕಿದ ಜಪಾನಿ ಕ್ವೇಲ್ ದೊರೆಯುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯ ಮೂಲಕ 1974ರಲ್ಲಿ ಭಾರತಕ್ಕೆ ಬಂದ ಈ ಹಕ್ಕಿಯು ಐದು ವಾರಗಳಲ್ಲಿ ಮಾರಾಟಕ್ಕೆ ಸಿದ್ಧವಾಗುತ್ತದೆ. ತೂಕ 150ರಿಂದ 200 ಗ್ರಾಂ. ಒಬ್ಬರಿಗೆ ಎರಡು ಹಕ್ಕಿ ಬೇಕಾಗುತ್ತದೆ. ತೋಟದ ಬದುಗಳಲ್ಲಿ ಮತ್ತು ಕುರುಚಲು ಕಾಡಿನಲ್ಲಿ ಕಾಣುವ ಗೌಜಲ ಹಕ್ಕಿ ಹಾಗೂ ಕಾಡಿನ ಲಾವಕ್ಕಿಗಳು ಇದಕ್ಕಿಂತ ಬೇರೆ. ಅವುಗಳನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಮತ್ತು ಕೊಳ್ಳುವುದು 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದಡಿ ಅಪರಾಧವಾಗಿರುತ್ತದೆ. ಬಲೆಗೆ ಬಿದ್ದ ಗೌಜಲನ್ನು ‘ಸಾಕಿದ್ದು’ ಎಂದು ಹೇಳಿ ರಸ್ತೆಬದಿಯಲ್ಲಿ ಮಾರುವವರಿಂದ ಕೊಂಡರೆ ಕೊಂಡವರೂ ಹೊಣೆಯಾಗಬೇಕಾಗುತ್ತದೆ.

ಮಂಕಾದ ಕೋಳಿ

ಗ್ರಾಮಾಂತರ ಪ್ರದೇಶದಲ್ಲಿ ಇಂದಿಗೂ ಬಿಡದ ಒಂದು ಅಭ್ಯಾಸವೆಂದರೆ, ತೂಕಡಿಸುತ್ತಿರುವ ಕೋಳಿಯನ್ನು ಅದು ಸಾಯುವ ಮೊದಲೇ ಕೊಯ್ದುಬಿಡುವುದು. ಸಾಕಿದವರಿಗೆ ನಷ್ಟ ತಪ್ಪಿಸುವ ಉಪಾಯವೆಂದು ತೋರಿದರೂ ಇದು ಅತ್ಯಂತ ಅಪಾಯಕಾರಿ. ಕೊಕ್ಕರೆ ರೋಗವೆಂದು ಊಹಿಸಿ ಕೊಯ್ದ ಹಕ್ಕಿಗೆ ಬಂದದ್ದು ಹಕ್ಕಿಜ್ವರವೂ ಆಗಿರಬಹುದು. ಹೊರನೋಟಕ್ಕೆ ಎರಡನ್ನೂ ಬೇರ್ಪಡಿಸಲಾಗದು. ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟು, ಅಲ್ಲಿಯ ಹಕ್ಕಿಗಳನ್ನು ನಾಶಪಡಿಸಬೇಕಾಯಿತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿಯೂ ರೋಗ ಕಾಣಿಸಿಕೊಂಡಿತು.

ಹಕ್ಕಿಜ್ವರದ ವೈರಾಣುವು ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದಾಗ ನಾಶವಾಗುತ್ತದೆ. ಹೀಗಾಗಿ ಚೆನ್ನಾಗಿ ಬೆಂದ ಮಾಂಸವನ್ನು ತಿನ್ನುವವರಿಗಿಂತ ರೋಗದ ಹಕ್ಕಿಯನ್ನು ಕೊಯ್ಯುವ, ಪುಕ್ಕ ಕೀಳುವ ಮತ್ತು ಕರುಳು ತೆಗೆಯುವ ಕೈಗಳಿಗೆ ಅಪಾಯ ಹೆಚ್ಚು. ಮನೆಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬರುತ್ತದೆ, ಮಕ್ಕಳು ಸುತ್ತ ಕುಳಿತು ನೋಡುತ್ತಾರೆ ಎಂಬುದನ್ನು ಮನೆಯ ಯಜಮಾನರು ಗಮನಿಸಬೇಕು. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತಲ್ಲಿ ಉಳಿದವನ್ನು ಕೊಯ್ಯದೆ, ಮಾರದೆ, ಸತ್ತವನ್ನು ಕೆರೆ ಅಥವಾ ಕಾಲುವೆಗೆ ಎಸೆಯದೆ ಸಮೀಪದ ಪಶು ಆಸ್ಪತ್ರೆಗೆ ಕೂಡಲೇ ತಿಳಿಸತಕ್ಕದ್ದು.

ಮೊದಲು ಕೋಸಂಬರಿ, ಆಮೇಲೆ ಕೋಳಿ

ಕೆಲಸದ ಕ್ರಮವನ್ನು ಬದಲಿಸಿಕೊಂಡರೆ ಅರ್ಧ ಅಪಾಯ ಕಳೆಯುತ್ತದೆ. ಹಸಿ ಕೋಳಿಯ ಪೊಟ್ಟಣ ಬಿಚ್ಚುವ ಮೊದಲೇ ತರಕಾರಿಗಳನ್ನು ಹೆಚ್ಚಿ, ಕಾಯಿ ತುರಿದು, ಮುಚ್ಚಿ ಬೇರೆಡೆ ಇರಿಸಬೇಕು. ಮನೆಯಲ್ಲಿ ಒಂದೇ ಈಳಿಗೆಮಣೆ, ಒಂದೇ ಚಾಕು ಇದ್ದರೂ ಈ ಕ್ರಮವನ್ನು ಪಾಲಿಸಲು ಯಾವ ಖರ್ಚೂ ಇಲ್ಲ. ಕೋಳಿಯ ಅಂಗಡಿಯಿಂದ ತರುವಾಗ ಮಾಂಸವನ್ನೂ ಕೊತ್ತಂಬರಿ ಸೊಪ್ಪನ್ನೂ ಒಂದೇ ಚೀಲಕ್ಕೆ ಹಾಕಬಾರದು.

ನಾಲ್ಕು ಜನರಿಗೆ ಅರ್ಧ ಲೋಟ ಹೆಸರುಬೇಳೆಯನ್ನು ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಒಂದರಿಂದ ಒಂದೂವರೆ ಗಂಟೆ ನೆನೆಸಬೇಕು. ರಾತ್ರಿಯಿಡೀ ನೆನೆಹಾಕುವುದು ಬೇಡ. ಸೆಖೆಗಾಲದಲ್ಲಿ ಬೇಳೆ ಹುಳಿಯಾಗುತ್ತದೆ. ಎರಡು ಎಳೆಯ ಸೌತೆಕಾಯಿಗಳನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದ ನಂತರವೇ ಸಿಪ್ಪೆ ತೆಗೆಯತಕ್ಕದ್ದು, ಏಕೆಂದರೆ ಸಿಪ್ಪೆಗೆ ಅಂಟಿದ ಮಣ್ಣನ್ನು ಚಾಕುವು ಒಳಗೆ ಒಯ್ಯುತ್ತದೆ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ಬಸಿದ ಬೇಳೆ, ಅರ್ಧ ಹೋಳು ಹಸಿ ತೆಂಗಿನಕಾಯಿಯ ತುರಿ, ಹಸಿಮೆಣಸಿನಕಾಯಿ ಮತ್ತು ಕೊತ್ತಂಬರಿ ಸೊಪ್ಪನ್ನು ಬೆರೆಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಬೇಕು. ಉಪ್ಪು ಮತ್ತು ನಿಂಬೆರಸವನ್ನು ಬಡಿಸುವ ಹೊತ್ತಿಗೆ ಸೇರಿಸಿದರೆ ಸೌತೆಕಾಯಿ ನೀರು ಬಿಡುವುದಿಲ್ಲ. ನಿಂಬೆರಸದ ಹುಳಿಯು ರೋಗಾಣುಗಳನ್ನು ಕೊಲ್ಲುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಕೋಸಂಬರಿಗೆ ಹಿಂಡುವಷ್ಟು ಹುಳಿಯಿಂದ ಅಂತಹ ರಕ್ಷಣೆ ದೊರೆಯದು.

ಕೋಸಂಬರಿಯು ಮೂಲತಃ ರಾಮನವಮಿಯ ಪಾನಕದ ಜೊತೆಯ, ಹಬ್ಬದ ಎಲೆಯ ತುದಿಯ ಪದಾರ್ಥ. ಮಾಂಸದೂಟಕ್ಕೆ ಅದನ್ನು ಬಡಿಸಲು ಒಪ್ಪದ ಮನೆಗಳೂ ಇವೆ. ಅಂತಹವರು ಈರುಳ್ಳಿ, ಸೌತೆಕಾಯಿ, ಮೂಲಂಗಿಯ ಬಿಲ್ಲೆಗಳಿಗೆ ನಿಂಬೆರಸ ಹಿಂಡಿ ಬಡಿಸಬಹುದು. ಎಚ್ಚರಿಕೆಗಳು ಎರಡಕ್ಕೂ ಒಂದೇ.

ಶುಚಿಗೊಳಿಸುವುದು ಮತ್ತು ಮಸಾಲೆ

ಪುಕ್ಕ ಕಿತ್ತ ಕೋಳಿಗೆ ಅರಿಶಿನ ಸವರಿ ಒಣ ತೆಂಗಿನ ಗರಿಯ ಉರಿಯಲ್ಲಿ ಸೀಯಿಸುವ ಪದ್ಧತಿ ಒಳ್ಳೆಯದೇ. ಉಳಿದ ಸಣ್ಣ ರೋಮಗಳು ಸುಟ್ಟುಹೋಗಿ ಚರ್ಮಕ್ಕೆ ಸೊಗಸಾದ ವಾಸನೆ ಬರುತ್ತದೆ. ಆದರೆ ಸೀಯಿಸುವುದರಿಂದ ಚರ್ಮದ ಮೇಲ್ಪದರವಷ್ಟೇ ಕಾಯುತ್ತದೆ, ಹೊಟ್ಟೆಯ ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ಅರಿಶಿನವನ್ನೂ ರೋಗಾಣುನಾಶಕವೆಂದು ನೆಚ್ಚುವಂತಿಲ್ಲ. ಟೈರಿನ ಚೂರು, ಪ್ಲಾಸ್ಟಿಕ್ ಅಥವಾ ಸೀಮೆಎಣ್ಣೆಯ ಉರಿಯಲ್ಲಿ ಸೀಯಿಸುವುದನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು.

ಅಂಗಡಿಯಲ್ಲಿ ಶುಚಿ ಮಾಡಿಸಿ ತಂದ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ಜೋರಾಗಿ ತೊಳೆದಾಗ ಸಿಡಿಯುವ ಹನಿಗಳು ಸುತ್ತಲಿನ ಪಾತ್ರೆ, ಕಟ್ಟೆ ಹಾಗೂ ತರಕಾರಿಯ ಮೇಲೆ ಬೀಳುತ್ತವೆ. ತೊಳೆಯಲೇಬೇಕೆನ್ನುವವರು ಅಗಲ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಆ ನೀರನ್ನು ಪಾತ್ರೆ ತೊಳೆಯುವ ಕಟ್ಟೆಗೆ ಚೆಲ್ಲದೆ ಗುಂಡಿಗೆ ಹಾಕಿ, ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು.

ಇಡೀ ಕೋಳಿಯನ್ನು ಹಾಗೆಯೇ ಕೆಂಡಕ್ಕಿಟ್ಟರೆ ಎದೆಯ ಭಾಗ ಒಣಗುವ ಹೊತ್ತಿಗೂ ತೊಡೆಯ ಸಂದು ಬೆಂದಿರುವುದಿಲ್ಲ. ಬೆನ್ನುಮೂಳೆಯ ಉದ್ದಕ್ಕೂ ಸೀಳಿ, ಎದೆಯನ್ನು ಅಂಗೈಯಿಂದ ಒತ್ತಿ ಪುಸ್ತಕ ತೆರೆದಂತೆ ಚಪ್ಪಟೆ ಮಾಡಿಕೊಳ್ಳುವುದು ಇದಕ್ಕೆ ಪರಿಹಾರ. ತೊಡೆಗೆ ಎರಡೆರಡು ಗೀಟು ಹಾಕಿ, ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮತ್ತು ನಿಂಬೆರಸವನ್ನು ಕಲಸಿ ಸವರಿ ಎರಡು ಗಂಟೆ ಶೀತಕಪೆಟ್ಟಿಗೆಯಲ್ಲಿ, ಕೆಳಗಿನ ಹಲಗೆಯ ಮೇಲೆ ಇಡಬೇಕು. ಶೀತಕಪೆಟ್ಟಿಗೆ ಇಲ್ಲದವರು ಅರ್ಧ ಗಂಟೆಗಿಂತ ಹೆಚ್ಚು ಕಾಯದೆ ಸುಡುವುದು ಲೇಸು. ಹಸಿ ಕೋಳಿಗೆ ಸವರಿ ಉಳಿದ ಮಸಾಲೆಯನ್ನು ಬೆಂದ ಮಾಂಸದ ಮೇಲೆ ಮತ್ತೆ ಸುರಿಯಬಾರದು.

ಕೆಂಡ

ತಿಪಟೂರು ಸೀಮೆಯ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡಲಾಗುತ್ತದೆ. ಒಳಗಿನ ನೀರು ಇಂಗಿ, ಕೊಬ್ಬರಿಯು ಚಿಪ್ಪಿನಿಂದ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಒಡೆದಾಗ ದೊರೆಯುವ ಈ ಚಿಪ್ಪು ಪೂರ್ಣ ಒಣಗಿದ್ದು, ತಿರುಳಿನ ಚೂರುಗಳಿಂದ ಮುಕ್ತವಾಗಿರುತ್ತದೆ. ಹಸಿ ಕಾಯಿಯ ಚಿಪ್ಪಿಗೆ ಅಂಟಿದ ತಿರುಳು ಎಣ್ಣೆ ಬಿಟ್ಟು ಹೊಗೆಯಾಡುವುದರಿಂದ ಸುಡುವ ಕೆಲಸಕ್ಕೆ ಕೊಬ್ಬರಿ ಚಿಪ್ಪೇ ಮೇಲು. ಅಡುಗೆಯ ಮಟ್ಟಿಗೆ ಈ ಸೀಮೆಯವರಿಗಿರುವ ಅನುಕೂಲ ಬೇರೆಯವರಿಗೆ ಹಣ ಕೊಟ್ಟರೂ ಸುಲಭವಾಗಿ ಸಿಗದು.

ಒಂದು ಕೋಳಿಗೆ ಒಂದೂವರೆಯಿಂದ ಎರಡು ಕೆ.ಜಿ. ಚಿಪ್ಪು ಸಾಕಾಗುತ್ತದೆ. ಒಣ ಮಟ್ಟೆಯ ನಾರಿನಿಂದ ಹೊತ್ತಿಸಿ, ಜ್ವಾಲೆ ಪೂರ್ಣವಾಗಿ ಅಡಗಿ ಕೆಂಡದ ಮೇಲೆ ಬಿಳಿ ಬೂದಿ ಕಟ್ಟಿದ ನಂತರವೇ ಕಂಬಿಯ ಜಾಲರಿ ಇಡಬೇಕು. ಕೆಂಡಕ್ಕೂ ಜಾಲರಿಗೂ ಒಂದು ಗೇಣು ಅಂತರವಿರಲಿ. ಮೂಳೆಯ ಬದಿಯನ್ನು ಕೆಳಗೆ ಮಾಡಿ ಮೊದಲ 25 ನಿಮಿಷ, ತಿರುವಿ ಹಾಕಿ 15ರಿಂದ 20 ನಿಮಿಷ ಸುಡಬೇಕು. ತೆಂಗಿನ ಸೀಮೆಯಾದರೂ ಇಲ್ಲಿಯ ಅಡುಗೆಗೆ ಕಡಲೆಕಾಯಿ ಎಣ್ಣೆಯ ಬಳಕೆಯೇ ಹೆಚ್ಚು. ನಡುನಡುವೆ ಅದನ್ನೇ ತೆಳುವಾಗಿ ಸವರಬಹುದು. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ಕೋಳಿಯನ್ನು ಪಕ್ಕಕ್ಕೆ ಸರಿಸಬೇಕು, ಏಕೆಂದರೆ ಕರಿಕಾದ ಚರ್ಮ ಬೆಂದುದರ ಗುರುತಲ್ಲ. ಚಪ್ಪಟೆ ಮಾಡಿದ ಕ್ವೇಲ್ ಹಕ್ಕಿಗೆ ಒಟ್ಟು 12ರಿಂದ 15 ನಿಮಿಷ ಸಾಕು. ಕೆಂಡದ ಒಲೆಯನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಇಡಕೂಡದು. ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲದಿಂದ ಪ್ರಾಣಾಪಾಯ ಸಂಭವಿಸುತ್ತದೆ.

ತೊಡೆಯ ಅತಿ ದಪ್ಪ ಭಾಗವು 75 ಡಿಗ್ರಿ ತಲುಪಿದರೆ ಕೋಳಿ ಬೆಂದಂತೆ. ಅಡುಗೆ ಉಷ್ಣಮಾಪಕದ ಮೊನೆಯನ್ನು ಮೂಳೆಗೆ ತಾಗದಂತೆ ಚುಚ್ಚಿ ನೋಡಬೇಕು. ಉಷ್ಣಮಾಪಕ ಇಲ್ಲದಿದ್ದಲ್ಲಿ, ತೊಡೆಯ ಸಂದನ್ನು ಚುಚ್ಚಿದಾಗ ಬರುವ ರಸ ತಿಳಿಯಾಗಿರಬೇಕು, ಕಾಲನ್ನು ತಿರುಚಿದರೆ ಕೀಲು ಸಡಿಲವಾಗಿ ಬಿಟ್ಟುಕೊಳ್ಳಬೇಕು, ಮಾಂಸ ಮೂಳೆಯಿಂದ ಸಲೀಸಾಗಿ ಬಿಡಬೇಕು. ಈ ಮೂರನ್ನೂ ಒಟ್ಟಿಗೆ ನೋಡುವುದು ಅಗತ್ಯ. ಎಳೆಯ ಕೋಳಿಯ ಮೂಳೆಯಿಂದ ಮಜ್ಜೆಯ ಬಣ್ಣ ಸೋರಿ, ಪೂರ್ಣ ಬೆಂದ ನಂತರವೂ ಮೂಳೆಯ ಸುತ್ತ ಮಾಂಸ ಕೆಂಪಾಗಿ ಕಾಣುವುದುಂಟು. ಬರಿಯ ಬಣ್ಣವನ್ನು ನಂಬಿದರೆ ಎರಡು ಬಗೆಯಲ್ಲೂ ಮೋಸಹೋಗಬಹುದು. ಬೆಂದ ಕೋಳಿಯನ್ನು ಹಸಿ ಕೋಳಿ ಇಟ್ಟಿದ್ದ ತಟ್ಟೆಗೇ ಮರಳಿ ಹಾಕುವುದು ಬಹಳ ಮನೆಗಳಲ್ಲಿ, ಮುಖ್ಯವಾಗಿ ಹೊರಗೆ ಕೆಂಡದ ಬಳಿ ಕುಳಿತು ಸುಡುವಾಗ, ನಡೆಯುವ ತಪ್ಪು.

ಹೊಸತೊಡಕಿನ ದಿನ

ಯುಗಾದಿಯ ಮರುದಿನದ ಹೊಸತೊಡಕಿನಂದು ಮಾಂಸದ ಅಂಗಡಿಗಳಲ್ಲಿ ನೂಕುನುಗ್ಗಲು ಉಂಟಾಗುತ್ತದೆ. ಒಂದೇ ದಿಮ್ಮಿಯ ಮೇಲೆ ಬಿಡುವಿಲ್ಲದೆ ಕೋಳಿಗಳನ್ನು ಕತ್ತರಿಸಲಾಗುತ್ತದೆ. ಹಬ್ಬ ಬರುವುದು ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ. ನೆಂಟರು ಬರುವುದು ತಡವಾದಂತೆ ಮಧ್ಯಾಹ್ನದ ಅಡುಗೆ ಸಂಜೆಯವರೆಗೂ ಉಳಿಯುತ್ತದೆ. ರೋಗಾಣುಗಳು 5ರಿಂದ 60 ಡಿಗ್ರಿಯ ನಡುವೆ ಶೀಘ್ರವಾಗಿ ವೃದ್ಧಿಯಾಗುತ್ತವೆ. ಆದುದರಿಂದ ಸುಟ್ಟ ಕೋಳಿಯಾಗಲಿ ಕೋಸಂಬರಿಯಾಗಲಿ ಎರಡು ಗಂಟೆಗಿಂತ ಹೆಚ್ಚು, ಬಿಸಿಲು 32 ಡಿಗ್ರಿ ದಾಟಿದ ದಿನಗಳಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಕಾಯಿತುರಿ ಮತ್ತು ನೆನೆದ ಬೇಳೆ ಸೇರಿದ ಕೋಸಂಬರಿಯನ್ನು ಉಳಿಸಿ ಮರುದಿನ ತಿನ್ನುವ ವಿಚಾರವನ್ನೇ ಬಿಡಬೇಕು.

ಸಾಲ್ಮೊನೆಲ್ಲಾ ಸೋಂಕು ಊಟವಾದ 6ರಿಂದ 72 ಗಂಟೆಗಳ ಒಳಗೆ ಹೊಟ್ಟೆನೋವು, ಭೇದಿ, ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ಕೋಳಿ ಮಾಂಸದಲ್ಲಿ ಸಾಮಾನ್ಯವಾಗಿರುವ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಎರಡರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹಬ್ಬದೂಟ ಮರೆತುಹೋಗಿ, ಹಿಂದಿನ ದಿನ ತಿಂದ ಯಾವುದೋ ತಿಂಡಿಯ ಮೇಲೆ ತಪ್ಪು ಬೀಳುತ್ತದೆ. ನೆನಪಾದರೂ ದೂರುವುದು ಮಾಂಸವನ್ನು, ಸೌತೆಕಾಯಿಯನ್ನಲ್ಲ. ಭೇದಿ ಆರಂಭವಾದ ಕೂಡಲೇ ಓ.ಆರ್.ಎಸ್. ದ್ರಾವಣವನ್ನು ಕುಡಿಸಲಾರಂಭಿಸಬೇಕು. ಮಲದಲ್ಲಿ ರಕ್ತ, ಇಳಿಯದ ಜ್ವರ ಅಥವಾ ಮೂತ್ರ ಕಡಿಮೆಯಾಗುವ ಲಕ್ಷಣ ಕಂಡುಬಂದಲ್ಲಿ, ಮತ್ತು ಎಳೆಯ ಮಕ್ಕಳು, ಗರ್ಭಿಣಿಯರು ಹಾಗೂ ವಯೋವೃದ್ಧರ ವಿಷಯದಲ್ಲಿ ಯಾವ ಲಕ್ಷಣಕ್ಕೂ ಕಾಯದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು. ವೈದ್ಯರಿಗೆ ಹಿಂದಿನ ಐದು ದಿನಗಳ ಊಟದ ವಿವರವನ್ನು, ಬೇಯಿಸದೆ ತಿಂದ ಪದಾರ್ಥಗಳನ್ನೂ ಸೇರಿಸಿ, ತಿಳಿಸಬೇಕು.