ಇಲ್ಲದ ಲೋಹದ ನಾದ

ಸಂತೆಯಲ್ಲಿ ಮಣ್ಣಿನ ಮಡಕೆ ಕೊಳ್ಳುವವರು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುತ್ತದೆ. ಅಡುಗೆಮನೆಯಲ್ಲಿ ಬಿದ್ದದ್ದು ಸ್ಟೀಲಿನ ತಟ್ಟೆಯೋ ಪಿಂಗಾಣಿ ಬಟ್ಟಲೋ ಎಂಬುದನ್ನು ಹೊರಗಿನ ಕೋಣೆಯಲ್ಲಿ ಕುಳಿತವರೂ ಹೇಳಬಲ್ಲರು. ವಸ್ತುವಿನ ಗುಣ ಅದರ ಸದ್ದಿನಲ್ಲಿರುತ್ತದೆ. ವಾದ್ಯಗಳ ವಿಷಯವೂ ಹೀಗೆಯೇ. ಹಲಸಿನ ಮರ, ಚರ್ಮ, ಬಲಮುಚ್ಚಿಗೆಯ ಕಪ್ಪು ಕರಣೆ ಇವೆಲ್ಲ ಕೂಡಿದರೆ ಮಾತ್ರ ಮೃದಂಗದ ನಾದ ಹುಟ್ಟುತ್ತದೆ.

ಹಾಗಾದರೆ ವಸ್ತುವೇ ಇಲ್ಲದೆ ಸದ್ದನ್ನಷ್ಟೇ ಮಾಡಲು ಸಾಧ್ಯವೆ? ಲೋಕದಲ್ಲಿ ಎಲ್ಲಿಯೂ ಇಲ್ಲದ ಲೋಹವೊಂದನ್ನು, ಯಾರೂ ಮುಟ್ಟಿರದ ರಬ್ಬರೊಂದನ್ನು ಕಿವಿಗೆ ಮುಟ್ಟಿಸಲು ಸಾಧ್ಯವೆ? ಪಾಶ್ಚಾತ್ಯ ನೃತ್ಯ ಕ್ಲಬ್ಬುಗಳ ಸಂಗೀತದಲ್ಲಿ ಈ ಪ್ರಶ್ನೆಯನ್ನು ಹಟ ಹಿಡಿದು ಬೆನ್ನಟ್ಟಿದವರು ಬ್ರಿಟನ್ನಿನ ಸಂಗೀತಗಾರ್ತಿ ಸೋಫಿ. 2013ರಿಂದ 2021ರವರೆಗೆ, ಎಂಟೇ ವರ್ಷಗಳಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಗಳು ಸಂಖ್ಯೆಯಲ್ಲಿ ಹೆಚ್ಚಿಲ್ಲ. ಆದರೆ ಇಂಗ್ಲಿಷ್ ಜನಪ್ರಿಯ ಸಂಗೀತ ಕಿವಿಗೆ ಕೇಳಿಸುವ ರೀತಿಯೇ ಅವುಗಳಿಂದ ಬದಲಾಯಿತು ಎಂದರೆ ಅತಿಶಯೋಕ್ತಿಯಾಗದು.

ಸೋಫಿ ಹುಟ್ಟಿದ್ದು 1986ರಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಕಾರಿನಲ್ಲಿ ಹೋಗುವಾಗ ತಂದೆ ಹಾಕುತ್ತಿದ್ದ ವಿದ್ಯುನ್ಮಾನ ಸಂಗೀತದ ಕ್ಯಾಸೆಟ್ಟುಗಳೇ ಮೊದಲ ಪಾಠವಾದವು. ಶಾಲೆ ಬಿಟ್ಟು ಇದನ್ನೇ ಮಾಡುತ್ತೇನೆ ಎಂಬ ಆಸೆ ಬಾಲ್ಯದಲ್ಲಿಯೇ ಮೊಳೆತಿತ್ತು. ಮುಂದೆ ಕೆಲಕಾಲ ‘ಮದರ್‌ಲ್ಯಾಂಡ್’ ಎಂಬ ತಂಡದಲ್ಲಿ ನುಡಿಸಿದ್ದಾಯಿತು. 2013ರಲ್ಲಿ ಮೊದಲ ಸಿಂಗಲ್ ‘ನಥಿಂಗ್ ಮೋರ್ ಟು ಸೇ’ ಹೊರಬಂತು. ಅದೇ ವರ್ಷ ಗ್ಲಾಸ್ಗೋದ ‘ನಂಬರ್ಸ್’ ಎಂಬ ಸಣ್ಣ ಕಂಪನಿ ‘ಬಿಪ್’ ಎಂಬ ಹಾಡನ್ನು ಪ್ರಕಟಿಸಿತು. ಸೋಫಿ ಎಂಬ ಹೆಸರು ಕ್ಲಬ್ಬುಗಳಲ್ಲಿ ಹರಡಿದ್ದು ಆ ಹಾಡಿನಿಂದ.

‘ಬಿಪ್’ನಲ್ಲಿ ಹೊಸದೇನಿತ್ತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ಲಬ್ ಸಂಗೀತದ ಬೆನ್ನೆಲುಬು ಡ್ರಮ್ ಯಂತ್ರ. ಜಪಾನಿನ ರೋಲಾಂಡ್ ಕಂಪನಿ 1980ರಲ್ಲಿ ತಂದ ‘ಟಿಆರ್-808’ ಇವುಗಳಲ್ಲಿ ಬಲು ಪ್ರಸಿದ್ಧವಾದುದು. ಡ್ರಮ್ ಬಾರಿಸುವವರ ಬದಲಿಗೆ ನಿಲ್ಲಬೇಕೆಂದು ಮಾಡಿದ ಯಂತ್ರವದು. ಅದರ ಗುಂಡಿಗಳ ಮೇಲೆ ‘ಬಾಸ್ ಡ್ರಮ್’, ‘ಸ್ನೇರ್’, ‘ಚಪ್ಪಾಳೆ’ ಎಂಬರ್ಥದ ಹೆಸರುಗಳಿದ್ದವು. ಸದ್ದು ನಿಜವಾದ ಡ್ರಮ್ಮಿನಂತೆ ಇರಲಿಲ್ಲ. ಆ ಕೃತಕತೆಯೇ ಮುಂದೆ ಅದರ ಆಕರ್ಷಣೆಯಾಯಿತು. ಷಿಕಾಗೋದ ಹೌಸ್, ಡೆಟ್ರಾಯಿಟ್‌ನ ಟೆಕ್ನೋ ಸಂಗೀತಗಳು ಇಂಥ ಯಂತ್ರಗಳ ಮೇಲೆಯೇ ಬೆಳೆದವು. ಆದರೂ ಗುಂಡಿಗಳ ಮೇಲಿನ ಹಳೆಯ ಹೆಸರುಗಳು ಮಾತ್ರ ಅಳಿಸಿಹೋಗಲಿಲ್ಲ.

ಸೋಫಿಯವರ ತಕರಾರು ಇದ್ದದ್ದು ಆ ಹೆಸರುಗಳ ಬಗೆಗೇ. ಇಲ್ಲಿ ಯಾರೂ ಕಾಲಿನಿಂದ ಡ್ರಮ್ ಒದೆಯುತ್ತಿಲ್ಲ, ಯಾರೂ ಚಪ್ಪಾಳೆ ತಟ್ಟುತ್ತಿಲ್ಲ. ಹಾಗಿರುವಾಗ ಯಂತ್ರದ ಸದ್ದನ್ನು ಹಳೆಯ ವಾದ್ಯಗಳ ಹೆಸರಿಗೆ ಏಕೆ ಕಟ್ಟಿಹಾಕಬೇಕು ಎಂಬುದು ಅವರ ವಾದ. ಬೇರೆಯವರ ಧ್ವನಿಮುದ್ರಿಕೆಗಳಿಂದ ತುಣುಕು ಕತ್ತರಿಸಿ ಬಳಸುವ ವಾಡಿಕೆ ಕ್ಲಬ್ ಸಂಗೀತದಲ್ಲಿ ಬಹಳ ಹಿಂದಿನಿಂದ ಇದೆ. ಸೋಫಿ ಅದನ್ನು ಬಹುಮಟ್ಟಿಗೆ ದೂರವಿಟ್ಟರು. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ‘ಮಾನೋಮಷೀನ್’ ಎಂಬ ಸಿಂಥಸೈಜರ್ ಇಟ್ಟುಕೊಂಡು, ಬರಿಯ ತರಂಗದಿಂದ ಶುರುಮಾಡಿ ಒಂದೊಂದು ಸದ್ದನ್ನೂ ತಾವೇ ಕಟ್ಟುತ್ತಿದ್ದರು.

ಈ ಕಟ್ಟುವ ಕೆಲಸದ ತತ್ತ್ವ ಸರಳ. ನಯವಾದ ಒಂದು ತರಂಗದ ಶ್ರುತಿಯನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಇಳಿಸಿದರೆ ಕಿವಿಗೆ ಅದು ಡ್ರಮ್ಮಿನ ಪೆಟ್ಟು. ಅದೇ ತರಂಗದ ಶ್ರುತಿಯನ್ನು ಚಟ್ಟನೆ ಮೇಲಕ್ಕೇರಿಸಿದರೆ ನೀರಿನ ಗುಳ್ಳೆ. ಒಂದಕ್ಕೊಂದು ಹೊಂದದ ಹಲವು ಕಂಪನಗಳನ್ನು ಬೆರೆಸಿದರೆ ತಗಡಿನ ಖಣಿಲು. ಏರಿಳಿತದ ವೇಗವನ್ನು ಕೊಂಚ ಬದಲಿಸಿದರೆ ರಬ್ಬರಿನ ಎಳೆತ. ಸೋಫಿ ತಮ್ಮ ಕೆಲಸದ ಬಗ್ಗೆ ಮಾತನಾಡುವಾಗ ರಾಗ, ತಾಳಗಳಿಗಿಂತ ಹೆಚ್ಚಾಗಿ ಲೋಹ, ಪ್ಲಾಸ್ಟಿಕ್, ಬಲೂನು, ಗುಳ್ಳೆ ಮುಂತಾದ ವಸ್ತುಗಳ ಭಾಷೆ ಬಳಸುತ್ತಿದ್ದರು. ಒಂದು ವಸ್ತುವನ್ನು ಎಳೆದರೆ, ಬಾಗಿಸಿದರೆ, ಒಡೆದರೆ ಎಂಥ ಸದ್ದು ಬಂದೀತು ಎಂಬುದು ಅವರ ಲೆಕ್ಕಾಚಾರ. ವ್ಯತ್ಯಾಸವಿಷ್ಟೆ: ಆ ವಸ್ತು ಎಲ್ಲಿಯೂ ಇರಬೇಕಾಗಿರಲಿಲ್ಲ. ‘ಬಿಪ್’ನಲ್ಲಿ ಕ್ಲಬ್ ಹಾಡುಗಳಲ್ಲಿ ಎಡೆಬಿಡದೆ ಕೇಳಿಬರುವ ‘ಕಿಕ್’ ಬಡಿತವಿಲ್ಲ. ಪುಟಿಯುವ, ಜಾರುವ, ಸಿಡಿಯುವ ಸದ್ದುಗಳೇ ಲಯವನ್ನು ಹಿಡಿದಿಟ್ಟಿವೆ. ಅವುಗಳ ಮೇಲೆ ಶ್ರುತಿ ಏರಿಸಿದ, ಬೊಂಬೆಯದೆನ್ನಿಸುವ ಹೆಣ್ಣುದನಿಯ ಹಾಡು.

ಆ ವರ್ಷಗಳಲ್ಲಿ ಸೋಫಿ ಯಾರೆಂಬುದು ಹೊರಗಿನವರಿಗೆ ಸರಿಯಾಗಿ ತಿಳಿದಿರಲಿಲ್ಲ. ಭಾವಚಿತ್ರಗಳು ಅಪರೂಪ. ಸಂದರ್ಶನಗಳಲ್ಲಿ ದನಿಯನ್ನು ಮರೆಮಾಚುತ್ತಿದ್ದರು. ಒಂದು ಪ್ರಸಿದ್ಧ ಅಂತರ್ಜಾಲ ಪ್ರಸಾರದಲ್ಲಿ ಹೆಣ್ಣುವೇಷದ ಕಲಾವಿದರೊಬ್ಬರನ್ನು ಯಂತ್ರಗಳ ಮುಂದೆ ನಿಲ್ಲಿಸಿ, ತಾವು ಅಂಗರಕ್ಷಕರಂತೆ ಪಕ್ಕದಲ್ಲಿ ನಿಂತುಬಿಟ್ಟರು. 2014ರಲ್ಲಿ ‘ಲೆಮನೇಡ್’ ಬಂದಿತು. ಮರುವರ್ಷ ಅದು ಮೆಕ್‌ಡೊನಾಲ್ಡ್ಸ್ ಜಾಹೀರಾತಿನಲ್ಲಿಯೂ ಕೇಳಿಸಿತು. 2015ರಲ್ಲಿ ಎಂಟು ಹಾಡುಗಳ ಸಂಗ್ರಹ ‘ಪ್ರಾಡಕ್ಟ್’, ಅಂದರೆ ‘ಸರಕು’, ಮಾರುಕಟ್ಟೆಗೆ ಬಂತು. ಸಂಗೀತವೂ ಅಂಗಡಿಯ ಮಾಲು ತಾನೇ ಎಂದು ಕೆಣಕುವ ಹೆಸರದು.

ಈ ಮರೆಯೇ ಟೀಕೆಗೂ ದಾರಿಯಾಯಿತು. ಸೋಫಿ ಗಂಡಸೆಂದು ನಂಬಿದ್ದ ಕೆಲವು ವಿಮರ್ಶಕರು, ಹೆಣ್ಣಿನ ಹೆಸರನ್ನೂ ಹೆಣ್ಣಿನ ದನಿಯನ್ನೂ ಗಂಡಸರು ಎರವಲು ಪಡೆದು ಆಟವಾಡುತ್ತಿದ್ದಾರೆ ಎಂದು ಆಕ್ಷೇಪಿಸಿದರು. ಸಂಗೀತೋದ್ಯಮದ ತಾಂತ್ರಿಕ ಕೆಲಸಗಳಲ್ಲಿ ಹೆಂಗಸರಿಗೆ ಜಾಗ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಸೋಫಿ ಉತ್ತರ ಕೊಡಲು ಆತುರಪಡಲಿಲ್ಲ. ಈ ನಡುವೆ ಜನಪ್ರಿಯ ಸಂಗೀತದ ದೊಡ್ಡ ಬಾಗಿಲುಗಳು ತೆರೆದವು. ಮಡೋನಾ ಅವರ 2015ರ ‘ರೆಬೆಲ್ ಹಾರ್ಟ್’ ಆಲ್ಬಂನ ಒಂದು ಹಾಡಿನಲ್ಲಿ, ರ‍್ಯಾಪ್ ಗಾಯಕ ವಿನ್ಸ್ ಸ್ಟೇಪಲ್ಸ್ ಅವರ 2017ರ ಆಲ್ಬಂನಲ್ಲಿ ಅವರ ಕೈಚಳಕವಿದೆ. ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಜೊತೆಗೂಡಿ 2016ರಲ್ಲಿ ತಂದ ‘ವ್ರೂಮ್ ವ್ರೂಮ್’ ಕಿರು ಆಲ್ಬಮ್ಮಿಗೆ ಅಮೆರಿಕದ ಸಂಗೀತ ಪತ್ರಿಕೆ ‘ಪಿಚ್‌ಫೋರ್ಕ್’ ಹತ್ತಕ್ಕೆ 4.5 ಅಂಕ ಕೊಟ್ಟು ಕೈಬಿಟ್ಟಿತು. 2021ರಲ್ಲಿ ಹಳೆಯ ತೀರ್ಪುಗಳನ್ನು ಮರುಪರಿಶೀಲಿಸಿದಾಗ ಅದೇ ಪತ್ರಿಕೆ ಆ ಅಂಕವನ್ನು 7.8ಕ್ಕೆ ಏರಿಸಿತು. ಬದಲಾದದ್ದು ಹಾಡುಗಳಲ್ಲ, ಕೇಳುವವರ ಕಿವಿ.

2017ರ ಅಕ್ಟೋಬರಿನಲ್ಲಿ ಪರದೆ ಸರಿಯಿತು. ‘ಇಟ್ಸ್ ಓಕೆ ಟು ಕ್ರೈ’, ಅಂದರೆ ‘ಅತ್ತರೂ ತಪ್ಪಿಲ್ಲ’ ಎಂಬ ಹಾಡಿನ ವಿಡಿಯೊದಲ್ಲಿ ಸೋಫಿ ಮೊದಲ ಬಾರಿಗೆ ಸ್ವಂತ ಮುಖ ತೋರಿಸಿ, ಸ್ವಂತ ದನಿಯಲ್ಲಿ ಹಾಡಿದರು. ಹಿಂದೆ ಬಣ್ಣ ಬದಲಿಸುವ ಆಕಾಶ, ಮುಂದೆ ಕ್ಯಾಮೆರಾವನ್ನು ನೇರವಾಗಿ ನೋಡುವ ಒಂದು ಮುಖ, ಅಷ್ಟೆ. ತಾವು ಲಿಂಗಾಂತರಿ ಮಹಿಳೆ ಎಂಬುದನ್ನು ಆ ಬಳಿಕ ಬಹಿರಂಗವಾಗಿ ಮಾತನಾಡಿದರು. ಹಳೆಯ ಆಕ್ಷೇಪದ ಅಡಿಪಾಯವೇ ಕುಸಿಯಿತು. ಎರವಲು ಎಂದುಕೊಂಡ ಹೆಸರು ಅವರದೇ ಆಗಿತ್ತು. ವೇಷ ಎಂದುಕೊಂಡ ದನಿಯಲ್ಲಿ ಅವರು ತಮ್ಮನ್ನೇ ಹುಡುಕಿಕೊಳ್ಳುತ್ತಿದ್ದರು ಎಂದು ಹಳೆಯ ಹಾಡುಗಳನ್ನು ಹೊಸದಾಗಿ ಕೇಳಿದವರಿಗೆ ಅನ್ನಿಸಿತು.

2018ರ ಜೂನ್‌ನಲ್ಲಿ ಬಂದ ಆಲ್ಬಂ ‘ಆಯಿಲ್ ಆಫ್ ಎವೆರಿ ಪರ್ಲ್ಸ್ ಅನ್-ಇನ್‌ಸೈಡ್ಸ್’ ಈ ಮಾತನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಓದಿದರೆ ಅರ್ಥವಾಗದ ಈ ಹೆಸರನ್ನು ಬೇಗಬೇಗ ಹೇಳಿದರೆ ‘ಪ್ರತಿಯೊಬ್ಬರ ಅಂತರಂಗವನ್ನೂ ಪ್ರೀತಿಸುತ್ತೇನೆ’ ಎಂಬರ್ಥದ ಇಂಗ್ಲಿಷ್ ವಾಕ್ಯದಂತೆ ಕೇಳುತ್ತದೆ. ಹೊರಗಿನ ರೂಪದಿಂದ ಒಳಗನ್ನು ಅಳೆಯಬೇಡಿ ಎಂಬ ಮಾತನ್ನು ಶ್ಲೇಷೆಯಲ್ಲಿಯೇ ಹೇಳಿದಂತಾಯಿತು. ‘ಫೇಸ್‌ಶಾಪಿಂಗ್’ ಹಾಡಿನ ವಿಡಿಯೊದಲ್ಲಿ ಕಂಪ್ಯೂಟರಿನಲ್ಲಿ ಕಟ್ಟಿದ ಸೋಫಿಯವರ ಮುಖವೇ ಹಿಗ್ಗುತ್ತದೆ, ಸೀಳುತ್ತದೆ, ಮತ್ತೆ ಕೂಡುತ್ತದೆ. ಕೆನಡಾದ ಗಾಯಕಿ ಸೆಸಿಲ್ ಬಿಲೀವ್ ಹಾಡಿರುವ ‘ಇಮ್ಮೆಟೀರಿಯಲ್’ ಮಡೋನಾ ಅವರ ‘ಮೆಟೀರಿಯಲ್ ಗರ್ಲ್’ ಹಾಡಿನ ಹೆಸರನ್ನು ತಿರುಗಿಸಿ ನಿಲ್ಲಿಸಿದ್ದು. ದೇಹ, ಹೆಸರು, ಹುಟ್ಟು ಯಾವುದಕ್ಕೂ ಕಟ್ಟುಬೀಳದೆ ಮನುಷ್ಯರು ತಮಗೆ ಬೇಕಾದ ರೂಪ ತಾಳಬಹುದೆಂಬ ಸಂಭ್ರಮ ಅದರಲ್ಲಿದೆ. ತರಂಗದಿಂದ ಬೇಕಾದ ವಸ್ತುವನ್ನು ಕಟ್ಟಿಕೊಳ್ಳಬಹುದೆಂದು ಐದು ವರ್ಷ ಯಂತ್ರದ ಮುಂದೆ ಕುಳಿತು ತೋರಿಸಿದ್ದ ಕಲಾವಿದೆಗೆ ಇದು ಬರಿಯ ಸಿದ್ಧಾಂತವಾಗಿರಲಿಲ್ಲ. ಈ ಆಲ್ಬಂ 2019ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ನೃತ್ಯ–ವಿದ್ಯುನ್ಮಾನ ವಿಭಾಗಕ್ಕೆ ನಾಮಕರಣಗೊಂಡಿತು.

‘ಬಿಪ್’ ಹಾಡನ್ನು ಬೇರೆಯವರು ಮರುರೂಪಿಸುವುದಾದರೆ ಇಂಗ್ಲೆಂಡಿನ ಪ್ರಯೋಗಶೀಲ ಜೋಡಿ ‘ಆಟೆಕರ್’ ಮಾತ್ರ ಮಾಡಬೇಕು ಎಂದು ಸೋಫಿ ಹಿಂದೆಯೇ ಹೇಳಿದ್ದರು. ಆ ರೂಪ 2021ರ ಜನವರಿಯಲ್ಲಿ ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ, ಜನವರಿ 30ರಂದು, ಗ್ರೀಸ್ ದೇಶದ ಅಥೆನ್ಸಿನಲ್ಲಿ ಹುಣ್ಣಿಮೆಯ ಚಂದ್ರನನ್ನು ನೋಡಲು ಎತ್ತರಕ್ಕೆ ಹತ್ತಿದ ಸೋಫಿ ಕಾಲುಜಾರಿ ಬಿದ್ದು ತೀರಿಕೊಂಡರು. ಆಗ ಅವರಿಗೆ 34 ವರ್ಷ. ಅದೇ ವರ್ಷ ಒಂದು ಕ್ಷುದ್ರಗ್ರಹಕ್ಕೆ ಅವರ ಹೆಸರಿಡಲಾಯಿತು.

ಅರ್ಧಕ್ಕೆ ನಿಂತಿದ್ದ ಹಾಡುಗಳನ್ನು ಅವರ ಜೊತೆಯಲ್ಲಿಯೇ ಕೆಲಸ ಮಾಡುತ್ತಿದ್ದ ಸಹೋದರ ಬೆನ್ನಿ ಲಾಂಗ್ ಪೂರ್ತಿಗೊಳಿಸಿ, 2024ರ ಸೆಪ್ಟೆಂಬರಿನಲ್ಲಿ ‘ಸೋಫಿ’ ಎಂಬ ಹೆಸರಿನಲ್ಲೇ 16 ಹಾಡುಗಳ ಆಲ್ಬಂ ಹೊರತಂದರು. ಒಂದೊಂದು ಸದ್ದನ್ನೂ ಸ್ವತಃ ಕಟ್ಟುತ್ತಿದ್ದ ಕಲಾವಿದೆಯ ಕೆಲಸವನ್ನು ಇನ್ನೊಬ್ಬರು ಮುಗಿಸಬಹುದೆ ಎಂಬ ಪ್ರಶ್ನೆ ಏಳುವುದು ಸಹಜ. ಮನೆಯವರ ಕೈಯಲ್ಲಿ ಇದು ಒಂದು ಬಗೆಯ ಶ್ರಾದ್ಧಕರ್ಮವೂ ಹೌದು. ಅದೇ ವರ್ಷ ಚಾರ್ಲಿ ಎಕ್ಸ್‌ಸಿಎಕ್ಸ್ ತಮ್ಮ ‘ಬ್ರ್ಯಾಟ್’ ಆಲ್ಬಂನಲ್ಲಿ ಗೆಳತಿಯನ್ನು ನೆನೆದು ಒಂದು ಹಾಡು ಹಾಡಿದರು.

ಈ ಸಂಗೀತವನ್ನು ಹೊಸದಾಗಿ ಕೇಳಹೊರಟವರಿಗೆ ಮೊದಲು ‘ಬಿಪ್’, ಆಮೇಲೆ ‘ಇಟ್ಸ್ ಓಕೆ ಟು ಕ್ರೈ’, ಕೊನೆಗೆ ‘ಇಮ್ಮೆಟೀರಿಯಲ್’ ಎಂಬ ಕ್ರಮ ಅನುಕೂಲ. ಮೊದಲ ಸಲ ಕರ್ಕಶವೆನ್ನಿಸಿದರೆ ಆಶ್ಚರ್ಯವಿಲ್ಲ. ಇದು ಯಾವ ವಾದ್ಯ ಎಂದು ಕೇಳುವುದನ್ನು ಬಿಟ್ಟು, ಇದು ಯಾವ ವಸ್ತು, ಮುಟ್ಟಿದರೆ ಹೇಗಿದ್ದೀತು ಎಂದು ಕೇಳಿಕೊಂಡರೆ ಎರಡನೆಯ ಸಲಕ್ಕೆ ಕಿವಿ ತಾನಾಗಿಯೇ ಹೊಂದಿಕೊಳ್ಳುತ್ತದೆ.