ಒಂದೇ ಮನೆಯ ನಾಯಿಗಳ ನಡುವಿನ ಆಕ್ರಮಣಶೀಲತೆ

ಒಂದೇ ಮನೆಯಲ್ಲಿ ಸಾಕಿರುವ ಎರಡು ಅಥವಾ ಹೆಚ್ಚು ನಾಯಿಗಳು ಪರಸ್ಪರ ಬೆದರಿಸುವ, ಮೇಲೆರಗುವ ಅಥವಾ ಕಚ್ಚಾಡುವ ವರ್ತನೆಯನ್ನು ಒಂದೇ ಮನೆಯ ನಾಯಿಗಳ ನಡುವಿನ ಆಕ್ರಮಣಶೀಲತೆ ಎನ್ನುತ್ತಾರೆ. ಆಟದ ಹುಸಿ ಕಚ್ಚಾಟ ಇದರಲ್ಲಿ ಸೇರುವುದಿಲ್ಲ. ಬೀದಿಯಲ್ಲಿ ಎದುರಾಗುವ ಅಪರಿಚಿತ ನಾಯಿಗಳು ಒಂದರಿಂದೊಂದು ದೂರ ಸರಿಯಬಲ್ಲವು. ಒಂದೇ ಮನೆಯ ನಾಯಿಗಳಾದರೋ ಆಹಾರ, ಜಾಗ ಮತ್ತು ಮನೆಯವರ ಗಮನವನ್ನು ಪ್ರತಿದಿನ ಹಂಚಿಕೊಳ್ಳಬೇಕಾಗುತ್ತದೆ. ಆದ್ದರಿಂದ ಒಮ್ಮೆ ಆರಂಭವಾದ ವೈಷಮ್ಯ ಮರುಕಳಿಸುವ ಸಾಧ್ಯತೆ ಹೆಚ್ಚು.

ಕಾರಣಗಳು

ಆಹಾರ, ಎಲುಬು, ಆಟಿಕೆ, ಮಲಗುವ ಜಾಗ ಮತ್ತು ಒಡೆಯರ ಸಾಮೀಪ್ಯ ಸಾಮಾನ್ಯ ಪ್ರಚೋದಕಗಳು. ಬಾಗಿಲಿನಂತಹ ಇಕ್ಕಟ್ಟಾದ ಸ್ಥಳಗಳಲ್ಲಿಯೂ, ಅತಿಥಿಗಳು ಬಂದಾಗ ಉಂಟಾಗುವ ಉದ್ರೇಕದಿಂದಲೂ ಜಗಳಗಳು ಹುಟ್ಟುತ್ತವೆ. ಮರಿಯಾಗಿದ್ದಾಗ ಹೊಂದಿಕೊಂಡಿದ್ದ ನಾಯಿಯ ವರ್ತನೆ ಪ್ರೌಢಾವಸ್ಥೆಗೆ ಬರುವಾಗ ಬದಲಾಗಬಹುದು. ಸಂಧಿವಾತ, ಕಿವಿಯ ಸೋಂಕು ಮತ್ತು ಹಲ್ಲುನೋವು ಸಹನೆಯನ್ನು ಕುಗ್ಗಿಸುತ್ತವೆ. ಹೀಗಾಗಿ ಶಾಂತ ಸ್ವಭಾವದ ನಾಯಿ ಹಠಾತ್ತನೆ ಕಚ್ಚತೊಡಗಿದರೆ ಮೊದಲು ಪಶುವೈದ್ಯರಿಂದ ತಪಾಸಣೆ ಮಾಡಿಸುವುದು ಅಗತ್ಯ.

ಇಂತಹ 38 ಜೋಡಿಗಳ ಕುರಿತ ಅಧ್ಯಯನವೊಂದು 2011ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ಶೇ. 79ರಷ್ಟು ಜೋಡಿಗಳು ಒಂದೇ ಲಿಂಗದವಾಗಿದ್ದವು. ಹೆಚ್ಚಿನ ಪ್ರಕರಣಗಳಲ್ಲಿ ಜಗಳವನ್ನು ಆರಂಭಿಸುತ್ತಿದ್ದುದು ಜೋಡಿಯಲ್ಲಿನ ಕಿರಿಯ ಅಥವಾ ಮನೆಗೆ ಹೊಸದಾಗಿ ಬಂದ ನಾಯಿ.

ಯಜಮಾನಿಕೆಯ ಕಲ್ಪನೆ

ನಾಯಿಗಳು ಗುಂಪಿನ ಯಜಮಾನಿಕೆಗಾಗಿ ಕಾದಾಡುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರ ಮೂಲ, ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಬಂಧನದಲ್ಲಿದ್ದ ತೋಳಗಳ ಅಧ್ಯಯನದಲ್ಲಿದೆ. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳನ್ನೊಳಗೊಂಡ ಕುಟುಂಬ ಎಂದು ಡೇವಿಡ್ ಮೆಕ್ 1999ರ ಲೇಖನದಲ್ಲಿ ವಿವರಿಸಿದರು. ನಾಯಿಯನ್ನು ಬಲವಂತವಾಗಿ ನೆಲಕ್ಕೆ ಕೆಡವುವುದು, ಹೊಡೆಯುವುದು ಮುಂತಾದ ‘ಯಜಮಾನಿಕೆ ತೋರುವ’ ವಿಧಾನಗಳು ಭಯವನ್ನೂ ಆಕ್ರಮಣವನ್ನೂ ಹೆಚ್ಚಿಸಬಲ್ಲವು. ಶಿಕ್ಷೆಯ ನೋವನ್ನು ನಾಯಿಯು ಎದುರಿಗಿರುವ ಇನ್ನೊಂದು ನಾಯಿಯೊಡನೆ ತಳುಕುಹಾಕುವ ಅಪಾಯವೂ ಉಂಟು.

ಮುನ್ಸೂಚನೆಗಳು

ಮೈ ಸೆಟೆದು ನಿಲ್ಲುವುದು, ಎವೆಯಿಕ್ಕದೆ ದಿಟ್ಟಿಸುವುದು, ದಾರಿಗೆ ಅಡ್ಡ ನಿಲ್ಲುವುದು, ಬಟ್ಟಲಿನ ಮೇಲೆ ಬಾಗಿ ನಿಲ್ಲುವುದು, ತುಟಿ ಮೇಲೆತ್ತಿ ಹಲ್ಲು ತೋರುವುದು ಮತ್ತು ಗುರುಗುಟ್ಟುವುದು ಮುಖ್ಯ ಸೂಚನೆಗಳು. ಗುರುಗುಟ್ಟಿದ್ದಕ್ಕೆ ಶಿಕ್ಷಿಸಿದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯಬಹುದು.

ಕಾದಾಟವನ್ನು ಬಿಡಿಸುವುದು

ಕಾದಾಡುತ್ತಿರುವ ನಾಯಿಗಳ ನಡುವೆ ಕೈ ಹಾಕುವುದು ಅಥವಾ ಕತ್ತಿನ ಪಟ್ಟಿ ಹಿಡಿದೆಳೆಯುವುದು ಅಪಾಯಕರ. ಉದ್ರೇಕಗೊಂಡ ನಾಯಿ ತನ್ನ ಒಡೆಯರನ್ನೇ ಕಚ್ಚಬಹುದು. ಜೋರಾದ ಸದ್ದು, ನೀರು ಎರಚುವುದು, ದಪ್ಪ ಕಂಬಳಿ ಹೊದಿಸುವುದು ಅಥವಾ ನಡುವೆ ಹಲಗೆ ತೂರಿಸುವುದು ಇದಕ್ಕಿಂತ ಸುರಕ್ಷಿತ. ಮನುಷ್ಯರಿಗೆ ಕಡಿತವಾದರೆ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ತಡೆಗಾಗಿ ವೈದ್ಯರನ್ನು ಕಾಣಬೇಕು.

ನಿರ್ವಹಣೆ

ಮೊದಲ ಹಂತವೆಂದರೆ ನಾಯಿಗಳನ್ನು ಬೇರ್ಪಡಿಸುವುದು. ಪ್ರತಿಯೊಂದು ಕಾದಾಟವೂ ಮುಂದಿನದಕ್ಕೆ ಅಭ್ಯಾಸವಾಗುವುದರಿಂದ, ಜಗಳವಾಡಿ ತಾವೇ ಸರಿಹೋಗಲೆಂದು ಬಿಡುವುದು ಸೂಕ್ತವಲ್ಲ. ಆಹಾರವನ್ನು ಬೇರೆ ಬೇರೆ ಕೋಣೆಗಳಲ್ಲಿ ನೀಡಿ, ಎಲುಬು ಮತ್ತು ಆಟಿಕೆಗಳನ್ನು ತೆಗೆದಿಡಬೇಕು. ಮನೆಯಲ್ಲಿ ಯಾರೂ ಇಲ್ಲದಿರುವಾಗ ಅವುಗಳನ್ನು ಒಟ್ಟಿಗೆ ಬಿಡಬಾರದು.

ಎರಡನೆಯ ಹಂತದಲ್ಲಿ ಪ್ರತಿ ನಾಯಿಗೂ ಕರೆದಾಗ ಬರುವುದು, ಕುಳಿತುಕೊಳ್ಳುವುದು, ತನ್ನ ಹಾಸಿಗೆಗೆ ಹೋಗುವುದು ಇತ್ಯಾದಿಗಳನ್ನು ತಿನಿಸಿನ ಬಹುಮಾನದೊಂದಿಗೆ ಪ್ರತ್ಯೇಕವಾಗಿ ಕಲಿಸಲಾಗುತ್ತದೆ. ಅನಂತರ ಎರಡೂ ಶಾಂತವಾಗಿರುವಷ್ಟು ಅಂತರದಲ್ಲಿ, ಇಬ್ಬರು ಹಿಡಿದು ನಡೆಸುತ್ತಾ ಬಹುಮಾನ ನೀಡಿ, ದಿನಗಳೆದಂತೆ ಅಂತರವನ್ನು ಕಡಿಮೆ ಮಾಡಲಾಗುತ್ತದೆ. ಬಿಗುವು ಕಂಡಕೂಡಲೇ ಹಿಂದಿನ ಅಂತರಕ್ಕೆ ಮರಳಬೇಕು. ಮೊದಲೇ ರೂಢಿಮಾಡಿಸಿದ ಬಾಯಿಕುಕ್ಕೆ ಈ ಅವಧಿಯಲ್ಲಿ ರಕ್ಷಣೆ ನೀಡುತ್ತದೆ. ಊಟ, ನಡಿಗೆ ಮತ್ತು ಮುದ್ದಿನ ಸಮಯಗಳು ನಿಯತವಾಗಿದ್ದರೆ ನಾಯಿಗಳ ಆತಂಕ ತಗ್ಗುತ್ತದೆ.

ಆತಂಕ ತೀವ್ರವಾಗಿದ್ದಲ್ಲಿ ಪಶುವೈದ್ಯರು ಫ್ಲೂಯೊಕ್ಸೆಟಿನ್‌ನಂತಹ ಔಷಧಿಗಳನ್ನು ಸೂಚಿಸುವುದುಂಟು. ಇವುಗಳ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಇವು ತರಬೇತಿಗೆ ಪೂರಕವೇ ಹೊರತು ಪರ್ಯಾಯವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯು ಕೆಲವು ಗಂಡುನಾಯಿಗಳಲ್ಲಿ ಸಹಾಯಕವಾದರೂ ಖಚಿತ ಪರಿಹಾರವಲ್ಲ.

ಫಲಿತಾಂಶ

ಎಲ್ಲ ಪ್ರಕರಣಗಳೂ ಪೂರ್ಣವಾಗಿ ಬಗೆಹರಿಯುವುದಿಲ್ಲ. ಗಾಯಗಳು ಆಳವಾಗಿದ್ದರೆ, ನಾಯಿಗಳ ಗಾತ್ರದಲ್ಲಿ ಬಹಳ ವ್ಯತ್ಯಾಸವಿದ್ದರೆ ಅಥವಾ ಮುನ್ಸೂಚನೆಯಿಲ್ಲದೆ ದಾಳಿ ನಡೆಯುತ್ತಿದ್ದರೆ ಶಾಶ್ವತವಾಗಿ ಬೇರ್ಪಡಿಸುವುದು ಅಥವಾ ಒಂದು ನಾಯಿಗೆ ಬೇರೆ ಮನೆ ಹುಡುಕುವುದು ಎರಡಕ್ಕೂ ಕ್ಷೇಮಕರ. ಹಾಗೆ ಕೊಡುವಾಗ ಅದರ ಕಚ್ಚಾಟದ ಹಿನ್ನೆಲೆಯನ್ನು ಹೊಸ ಒಡೆಯರಿಗೆ ಮುಚ್ಚಿಡದೆ ತಿಳಿಸಬೇಕು.